ಬುಡನ್ ಸಾಬನ ಬಿಲ್ಲೆ ಮತ್ತು ಗಾಜಿನ ರೂಮು

ದಾವಣಗೆರೆಯ ಗುರುಶಾಂತ ಮಿಲ್ಲಿನ ರಿಜಿಸ್ಟರಿನಲ್ಲಿ ಬುಡನ್ ಸಾಬನ ಹೆಸರಿನ ಮುಂದೆ ಜವಾನ ಅಂತ ಬರೆದಿತ್ತು. ಅದು ತಪ್ಪು ಅಂತ ಅವನ ವಾದ. ಜವಾನ ಅಂದರೆ ಚಾ ತರೋನು, ಕಡತ ಹೊರೋನು, ಸ್ಟೂಲಿನ ಮೇಲೆ ಕೂತು ಎಲೆ ಅಡಿಕೆ ಮೆಲ್ಲುತ್ತ ತೂಕಡಿಸೋನು. ಈ ಮೂರನ್ನೂ ಅವನು ತಪ್ಪದೆ ಮಾಡುತ್ತಿದ್ದ, ಆ ಮಾತು ಬೇರೆ. ಆದರೆ ಅವನ ಅಸಲಿ ಕಸುಬು ಮಾತು ಸಾಗಿಸುವುದು.

ನೇಯ್ಗೆ ಖಾತೆಯೊಳಗೆ ಕಾಲಿಡದವರಿಗೆ ಇದು ತಿಳಿಯಲಿಕ್ಕಿಲ್ಲ. ಒಂದೇ ಸೂರಿನಡಿ ಇನ್ನೂರು ಮಗ್ಗ ಬಡಿಯತೊಡಗಿದರೆ ಕಿವಿ ಅನ್ನೋದು ತಲೆಗೆ ಅಂಟಿಸಿದ ಎರಡು ಚರ್ಮದ ತುಂಡು, ಅಷ್ಟೇ. ಪಕ್ಕದವನ ಪಂಚೆಗೆ ಬೆಂಕಿ ಬಿದ್ದರೂ ಕೂಗಿ ಹೇಳುವ ಹಾಗಿಲ್ಲ, ಹೋಗಿ ಆರಿಸಬೇಕು. ಅಂಥ ಜಾಗದಲ್ಲಿ ಬುಡನ್ ಸಾಬ ಮ್ಯಾನೇಜರ್ ಹೇಳಿದ್ದನ್ನು ಹೊತ್ತುಕೊಂಡು ಹೋಗಿ, ಒಬ್ಬೊಬ್ಬನ ಕಿವಿಗೂ ಎರಡು ಕೈ ಬಟ್ಟಲು ಮಾಡಿ ಹಿಡಿದು, ಹೊಟ್ಟೆಯಿಂದ ಕೂಗುತ್ತಿದ್ದ. ಒಂದು ಸಾಲಿನ ಸುದ್ದಿ ಇಡೀ ಖಾತೆಗೆ ಮುಟ್ಟಿಸಲು ಒಂದೂವರೆ ತಾಸು. ದಾರಿಯಲ್ಲಿ ಅದಕ್ಕೆ ಸ್ವಲ್ಪ ಎಣ್ಣೆ-ಬೆಣ್ಣೆಯನ್ನೂ ಹಚ್ಚುತ್ತಿದ್ದ. ‘ಆ ಕತ್ತೆಗಳಿಗೆ ನೂಲು ದಂಡ ಮಾಡಬ್ಯಾಡ್ರಿ ಅಂತ ಹೇಳು’ ಅಂತ ಮೇಲಿನಿಂದ ಬಂದರೆ, ಅವನು ‘ಸಾಹೇಬ್ರು ನಿಮ್ಮನ್ನೆಲ್ಲ ಕೇಳ್ಯಾರೆ, ನೂಲಿನ ಮ್ಯಾಲೆ ಒಂದು ಕಣ್ಣಿರ್ಲಿ ಅಂದಾರೆ’ ಅಂತ ಇಳಿಸುತ್ತಿದ್ದ. ಹನ್ನೆರಡು ವರ್ಷ ಹೀಗೇ ನಡೆಯಿತು. ಎದೆಯ ಮೇಲೆ ಅಡ್ಡಪಟ್ಟಿ, ಅದರ ನಡುವೆ ಮಿಲ್ಲಿನ ಹೆಸರು ಕೊರೆದ ಹಿತ್ತಾಳೆ ಬಿಲ್ಲೆ. ದಿನಾ ಬೆಳಿಗ್ಗೆ ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದ. ಅದನ್ನು ಹಾಕಿಕೊಂಡ ದಿನದಿಂದ ಹರಿಹರದ ಅವನ ಅಣ್ಣತಮ್ಮಂದಿರೂ ಅವನಿಗೆ ‘ರೀ’ ಹಚ್ಚಿ ಮಾತಾಡುತ್ತಿದ್ದರು.

ಐವತ್ತೆಂಟನೇ ಇಸವಿಯಲ್ಲಿ ಹಳೇ ಮ್ಯಾನೇಜರ್ ಕೆಲಸ ಬಿಟ್ಟು ಹೋದ. ಮುಂಬೈ ಕಡೆಯ ಮುದುಕ. ಗುಜರಾತಿಯಲ್ಲಿ ಬೈದು ಇಂಗ್ಲಿಷಿನಲ್ಲಿ ಕ್ಷಮೆ ಕೇಳುವಂಥವನು. ಅವನ ಕುರ್ಚಿಗೆ ಮಾಲೀಕರ ತಂಗಿಯ ಮಗ ವಾಮದೇವಪ್ಪ ಬಂದ. ಮಾಯಕೊಂಡದ ಜಮೀನುದಾರರ ಮನೆತನ, ಇಪ್ಪತ್ತೆಂಟರ ಪ್ರಾಯ, ಮುಂಬೈಯಲ್ಲಿ ಬಟ್ಟೆ ಮಿಲ್ಲಿನ ವಿದ್ಯೆ ಕಲಿತು ಬಂದವನು. ಕಾಲೇಜಿನಲ್ಲಿ ಭಾಷಣದ ಪಂದ್ಯಕ್ಕೆ ಪದಕ ಹೊಡೆದಿದ್ದನಂತೆ. ‘ಫ್ಯಾನು ಹಾಕು’ ಅನ್ನಬೇಕಾದರೂ ಒಂದೊಂದು ಅಕ್ಷರಕ್ಕೆ ಬಾಯಿ ಇಷ್ಟಗಲ ತೆರೆದು, ತುಟಿಯನ್ನು ಪೂರಾ ದುಡಿಸಿ, ಮುಂದಿನ ಅಕ್ಷರಕ್ಕೆ ಹೋಗುತ್ತಿದ್ದ.

ಅವನಿಗೆ ಮುಂಬೈಯಲ್ಲಿ ಯಾರೋ ತಲೆಗೆ ತುಂಬಿದ್ದರು: ಮಿಲ್ಲು ಹಾಳಾಗುವುದು ಹತ್ತಿಯಿಂದಲ್ಲ, ಮೇಲಿನವರ ಮಾತು ಕೆಳಗೆ ಇಳಿಯದೆ, ಕೆಳಗಿನವರ ಮಾತು ಮೇಲೆ ಹತ್ತದೆ ಹಾಳಾಗುವುದು. ಬಂದ ತಿಂಗಳಲ್ಲೇ ರಿಪೇರಿ ಶುರು ಮಾಡಿದ. ಮೊದಲು ನೋಟೀಸ್ ಬೋರ್ಡು. ಮುನ್ನೂರು ಜನರಲ್ಲಿ ಓದು ಬಲ್ಲವರು ಇಪ್ಪತ್ತು. ಆ ಇಪ್ಪತ್ತರಲ್ಲಿ ಯಾರು ಓದಿ ಹೇಳಬೇಕು ಅನ್ನುವುದಕ್ಕೇ ಜಗಳವಾಗಿ ಇಬ್ಬರು ಮಾತು ಬಿಟ್ಟರು. ಆಮೇಲೆ ಸಲಹೆ ಪೆಟ್ಟಿಗೆ. ಮೊದಲ ವಾರ ಬೀಗ ತೆಗೆದಾಗ ಅದರೊಳಗೆ ಸಿಕ್ಕಿದ್ದು ಮೂರು ಬೀಡಿ ತುಂಡು, ಒಂದು ಲಗ್ನಪತ್ರಿಕೆ, ಕಕ್ಕಸಿಗೆ ಬಾಗಿಲು ಬೇಕು ಅನ್ನುವ ಒಂದು ಅರ್ಜಿ. ಎರಡನೇ ವಾರ ಅದೇ ಅರ್ಜಿ, ಬೇರೆ ಅಕ್ಷರದಲ್ಲಿ. ವಾಮದೇವಪ್ಪ ಲಗ್ನಕ್ಕೆ ಹೋಗಿ ಉಂಡು ಬಂದ. ಬಾಗಿಲಿನ ಅರ್ಜಿಯನ್ನು ಫೈಲು ಮಾಡಿದ.

ಮೂರನೆಯದು ಲೌಡ್‌ಸ್ಪೀಕರ್. ಎಲೆಕ್ಟ್ರಿಷಿಯನ್ ಶಬ್ಬೀರ್ ಖಾತೆಯ ನಾಲ್ಕು ಮೂಲೆಗೆ ನಾಲ್ಕು ತುತ್ತೂರಿ ಕಟ್ಟಿದ. ನಾಲ್ಕನೆಯದು ಗಾಜಿನ ರೂಮು. ನೇಯ್ಗೆ ಖಾತೆಯ ತುದಿಯಲ್ಲಿ, ನೂಲು ಸುತ್ತುವ ವೈಂಡಿಂಗ್ ಹೆಂಗಸರು ಕೂಡುವ ಜಾಗದ ಎದುರಿಗೆ, ಎತ್ತರದಲ್ಲಿ, ಹನ್ನೆರಡು ಮೆಟ್ಟಿಲು ಹತ್ತಿದರೆ ಸಿಗುವ ಹಾಗೆ ಒಂದು ರೂಮು ಕಟ್ಟಿಸಿ ಮೂರು ಕಡೆ ದಪ್ಪ ಗಾಜು ಹಾಕಿಸಿದ. ಒಳಗೆ ಸದ್ದು ಬರುವುದಿಲ್ಲ, ಹೊರಗಿನ ನರಪಿಳ್ಳೆಯೂ ಕಣ್ಣು ತಪ್ಪುವುದಿಲ್ಲ. ದಿನಾ ಹತ್ತು ಗಂಟೆಗೆ ಗಾಜಿನ ಹತ್ತಿರ ನಿಂತು ಮೈಕಿನಲ್ಲಿ ಎರಡು ನಿಮಿಷ ಮಾತಾಡುತ್ತಿದ್ದ. ಕೆಳಗೆ ಇನ್ನೂರು ತಲೆ ಒಟ್ಟಿಗೆ ಆಡುತ್ತಿದ್ದವು.

‘ನೋಡಿದ್ಯಾ ಬುಡನ್ ಸಾಬ್? ನೀನು ಒಂದೂವರೆ ತಾಸು ತಗೊಳ್ತಿದ್ದೆ.’

‘ಹೌದ್ರಿ ಸಾಹೇಬ್ರ.’

‘ನಿನ್ನ ಗಂಟಲಿಗೂ ಆರಾಮ ಆತು.’

ಬುಡನ್ ಸಾಬನಿಗೆ ಆದದ್ದು ಆರಾಮವಲ್ಲ. ಈಗ ಅವನ ಪಾಲಿಗೆ ಉಳಿದದ್ದು ಒಬ್ಬಿಬ್ಬರಿಗೆ ಮುಟ್ಟಿಸುವ ಚಿಲ್ಲರೆ ಮಾತು. ಅದನ್ನಾದರೂ ಅವನು ಮುಂಚಿನ ಠೀವಿಯಲ್ಲೇ ಒಯ್ದು ಕಿವಿಗೆ ಕೂಗುತ್ತಿದ್ದ. ಜನ ಕಣ್ಣರಳಿಸಿ ‘ಹೌದಾ?’ ಅನ್ನುತ್ತಿದ್ದರು. ಅಷ್ಟಕ್ಕೇ ಅವನ ದಿನ ಸಾಗುತ್ತಿತ್ತು.

ಆರು ತಿಂಗಳು ಕಳೆಯುವುದರೊಳಗೆ ಮಿಲ್ಲಿನಲ್ಲಿ ಒಂದು ವಿಚಿತ್ರ ಶುರುವಾಯಿತು. ಕೊಟ್ಟೂರಿನ ಹೆಣ್ಣೊಂದನ್ನು ನೋಡಲು ಹೋಗುವ ಬಗ್ಗೆ ವಾಮದೇವಪ್ಪ ಫೋನಿನಲ್ಲಿ ತಾಯಿಯ ಹತ್ತಿರ ಮಾತಾಡಿದ. ಮರುದಿನ ಬೆಳಿಗ್ಗೆ ಗೇಟಿನಲ್ಲಿ ಮೂವರು ನೇಕಾರರು ನಮಸ್ಕಾರ ಮಾಡಿ, ‘ಕೊಟ್ಟೂರು ಕಡೆ ಹೆಣ್ಮಕ್ಳು ಭಾಳ ಗಟ್ಟಿ ಸಾಹೇಬ್ರ, ಒಪ್ಕೊಳ್ರಿ’ ಅಂದರು. ಚಾ ಬಿಡುವನ್ನು ಹದಿನೈದು ನಿಮಿಷದಿಂದ ಹತ್ತಕ್ಕೆ ಇಳಿಸುವ ಯೋಚನೆಯನ್ನು ಹೆಡ್ ಕ್ಲಾರ್ಕನ ಹತ್ತಿರ ಹೇಳಿದ. ನೋಟೀಸು ಟೈಪಾಗುವ ಮೊದಲೇ ಜನ ಅವತ್ತಿನ ಬಿಡುವನ್ನು ಇಪ್ಪತ್ತು ನಿಮಿಷ ಮಾಡಿ ತೋರಿಸಿದರು.

ಇವೆಲ್ಲ ಸಣ್ಣವು. ದೊಡ್ಡದು ನಾಲ್ಕು ಮಗ್ಗದ ಮಾತು. ಆಗ ಒಬ್ಬ ನೇಕಾರ ಎರಡು ಮಗ್ಗ ನೋಡಿಕೊಳ್ಳುತ್ತಿದ್ದ. ಒಬ್ಬನಿಗೆ ನಾಲ್ಕು ಕಟ್ಟಿದರೆ ಅರ್ಧ ಜನ ಮನೆಗೆ, ಉಳಿದರ್ಧ ಆಸ್ಪತ್ರೆಗೆ. ಮಾಲೀಕರ ಲೆಕ್ಕದಲ್ಲಿ ಇದಕ್ಕೆ ಪ್ರಗತಿ ಅನ್ನುತ್ತಾರೆ. ಒಂದು ಮಂಗಳವಾರ ವಾಮದೇವಪ್ಪ ಈ ವಿಷಯವನ್ನು ಸೋದರಮಾವನಿಗೆ ಟ್ರಂಕ್ ಕಾಲ್ ಹಾಕಿ ಹೇಳಿದ. ಫೋನು ಕೆಳಗಿಟ್ಟು ಚಾ ಕುಡಿದು ಮುಗಿಸುವಷ್ಟರಲ್ಲಿ ಮೆಟ್ಟಿಲು ಹತ್ತಿ ಕೊಟ್ಟೂರಪ್ಪ ಬಂದ. ಅವನು ಎಪ್ಪತ್ತೆರಡನೇ ನಂಬರಿನ ಮಗ್ಗದ ನೇಕಾರ, ಯೂನಿಯನ್ನಿನ ಕಾರ್ಯದರ್ಶಿ.

‘ನಾಲ್ಕು ಮಗ್ಗ ಆಗಂಗಿಲ್ರಿ ಸಾಹೇಬ್ರ,’ ಅಂದ.

‘ಯಾರು ಹೇಳಿದ್ರು ನಿಂಗೆ?’

‘ಮಿಲ್ಲಿನಾಗೆ ಮಾತಾಡ್ತಾರ್ರಿ.’

ಅವನು ಇಳಿದು ಹೋದ ಮೇಲೆ ವಾಮದೇವಪ್ಪ ರೂಮಿನ ಸುತ್ತ ಕಣ್ಣಾಡಿಸಿದ. ಟ್ರಂಕ್ ಕಾಲ್ ಹೊತ್ತಿನಲ್ಲಿ ಅಲ್ಲಿದ್ದವರು ಇಬ್ಬರೇ: ತಾನು, ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಬುಡನ್ ಸಾಬ.

ಪರೀಕ್ಷೆ ಮಾಡೋಣ ಅಂತ ಅವನನ್ನು ಮೂರು ದಿನ ಹರಿಹರಕ್ಕೆ ಅಟ್ಟಿದ. ಅಲ್ಲಿ ಹೊಳೆಯ ದಂಡೆಗೆ ಮಿಲ್ಲಿನವರದೇ, ಹತ್ತಿಯಿಂದ ಬೀಜ ಬಿಡಿಸುವ ಒಂದು ಜಿನ್ನು ಇತ್ತು. ಅಲ್ಲಿ ಅವನಿಗೆ ಮಾಡಲು ಏನೂ ಕೆಲಸವಿರಲಿಲ್ಲ. ಬೆಳಿಗ್ಗೆ ತುಂಗಭದ್ರೆಯಲ್ಲಿ ಮುಳುಗೆದ್ದು, ಬಿಲ್ಲೆ ಹಾಕಿಕೊಂಡು, ಜಿನ್ನಿನ ಆಫೀಸಿನಲ್ಲಿ ಫೋನಿನ ಎದುರು ಕೂಡುವುದು. ಫೋನು ಮುಟ್ಟಿದರೆ ಕರೆಂಟು ಹೊಡೆಯುತ್ತೆ ಅನ್ನುವ ಅನುಮಾನ ಅವನಿಗೆ ಕೊನೆತನಕ ಹೋಗಲಿಲ್ಲ. ಅದು ಬಡಿದುಕೊಂಡರೆ ಹೊರಗೆ ಓಡಿಹೋಗಿ ಗುಮಾಸ್ತನನ್ನು ಕರೆಯುತ್ತಿದ್ದ. ಆ ಮೂರು ದಿನದಲ್ಲಿ ದಾವಣಗೆರೆಯಲ್ಲಿ ಇನ್ನೆರಡು ಗುಟ್ಟು ಬಯಲಾದವು.

ಇದರಿಂದ ಅವನು ನಿರಪರಾಧಿ ಅಂತ ಸಾಬೀತಾಗಬೇಕಿತ್ತು. ಓದಿದವರ ತಲೆ ಹಾಗೆ ಓಡುವುದಿಲ್ಲ.

‘ಹರಿಹರದಾಗೂ ಫೋನ್ ಐತೆ,’ ಅಂದ ವಾಮದೇವಪ್ಪ, ಮುಂದಿನ ಬುಧವಾರ ಅವನು ವಾಪಸು ಬಂದು ನಿಂತಾಗ. ‘ನೀನು ರಿಸೀವರ್ ಎತ್ತಿ ಕೇಳಿಸ್ಕೊಂಡಿ.’

‘ಸಾಹೇಬ್ರ, ನಾನು ಅದನ್ನ ಮುಟ್ಟಿಲ್ರಿ. ಅಲ್ಲಾನ ಆಣೆ.’

‘ನಿನ್ನ ಹೆಂಡ್ತಿ ವೈಂಡಿಂಗ್‌ನಾಗೆ ಅದಾಳೆ. ನೀನು ಆಕೆಗೆ, ಆಕೆ ಊರಿಗೆ. ಶನಿವಾರದೊಳಗೆ ಸುದ್ದಿ ಹೆಂಗೆ ಹೊರಗೆ ಹೋಗ್ತೈತೆ ಅಂತ ಬಾಯಿ ಬಿಡು. ಇಲ್ಲಾಂದ್ರೆ ಬಿಲ್ಲೆ ಬಿಚ್ಚಿಟ್ಟು ಹೋಗು.’

ಬುಡನ್ ಸಾಬ ಹನ್ನೆರಡು ಮೆಟ್ಟಿಲು ಇಳಿಯುತ್ತ ತನ್ನ ಲೆಕ್ಕ ಹಾಕಿದ. ವಯಸ್ಸು ನಲವತ್ತೇಳು. ಕೂಗುವುದು ಬಿಟ್ಟರೆ ಬೇರೆ ಕಸುಬು ಗೊತ್ತಿಲ್ಲ. ಬಿಲ್ಲೆ ಹೋದರೆ ಹರಿಹರದ ಸಂತೆಯಲ್ಲಿ ಬದನೆಕಾಯಿ ಕೂಗಬೇಕು, ಅಣ್ಣತಮ್ಮಂದಿರು ಬಂದು ‘ಹೆಂಗಲೇ ಸೇರು’ ಅಂತ ಕೇಳಬೇಕು.

ಮೆಟ್ಟಿಲ ಬುಡದಲ್ಲಿ ಶಬ್ಬೀರ್ ಕೂತು ಒಂದು ವೈರಿನ ತುದಿ ಕೆರೆಯುತ್ತಿದ್ದ. ಮೇಲೆ ಹತ್ತು ಗಂಟೆಯ ಭಾಷಣ ಶುರುವಾಗಿತ್ತು. ಕೆಳಗೆ ಇನ್ನೂರು ತಲೆ ಆಡುತ್ತಿದ್ದವು. ಬುಡನ್ ಸಾಬ ಬಗ್ಗಿ ಅವನ ಕಿವಿಗೆ ಕೂಗಿದ: ‘ಏನಾತು?’

ಶಬ್ಬೀರ್ ಅವನನ್ನು ಸಂದಿಗೆ ಎಳೆದುಕೊಂಡು ಹೋದ. ‘ಇಲಿ ಕಡಿದಾವೆ ಚಾಚಾ. ಸಾಹೇಬ್ರಿಗೆ ಹೇಳ್ಬ್ಯಾಡ್ರಿ.’

‘ಯಾವಾಗ?’

‘ಎಂಟು ದಿನ ಆತು.’

‘ಮತ್ತೆ ಲೌಡ್‌ಸ್ಪೀಕರ್?’

‘ಎಂಟು ದಿನದಿಂದ ಸತ್ತೈತೆ. ಇದ್ದಾಗೂ ಆ ಗದ್ದಲದಾಗೆ ಏನು ಕೇಳ್ತಿತ್ತು, ಬಿಡ್ರಿ. ಹೆಂಗೂ ಎಲ್ರೂ ತಲೆ ಆಡಿಸ್ತಾರಲ್ಲ, ಅವಸರ ಏನು ಅಂತ ನಾನೂ ಬಿಟ್ಟಿದ್ದೆ.’

ಬುಡನ್ ಸಾಬ ತಿರುಗಿ ಖಾತೆ ಕಡೆ ನೋಡಿದ. ಸಾಹೇಬ ಏನೋ ಅಂದ, ಇನ್ನೂರು ಜನ ನಕ್ಕರು. ಮತ್ತೇನೋ ಅಂದ, ಇನ್ನೂರು ಜನ ಗಂಭೀರವಾದರು. ಸತ್ತ ಮೈಕಿನಿಂದ.

ಅವನ ಮನೆಯಲ್ಲಿ ಮಾತು ಉರ್ದು, ಜಗಳ ಕನ್ನಡ. ಜಗಳವಾದರೆ ನೆರೆಯವರಿಗೂ ತಿಳಿದು ನ್ಯಾಯ ಹೇಳಲು ಅನುಕೂಲವಾಗಲಿ ಅಂತ ಹೆಂಡತಿ ಖತೀಜಾಬೀಯೇ ಮಾಡಿಕೊಂಡ ಪದ್ಧತಿ. ಅವತ್ತು ಪಾಳಿ ಮುಗಿಸಿ ಅವನು ಮನೆಗೆ ಬಂದಾಗ ಆಕೆ ಹಿತ್ತಿಲ ಗೋಡೆ ಹತ್ತಿರ ನಿಂತಿದ್ದಳು. ಆಚೆ ಕಡೆ, ಮೂರು ಮನೆ ದಾಟಿ, ಕೆಂಚವ್ವ ಬಟ್ಟೆ ಒಣಹಾಕುತ್ತಿದ್ದಳು, ಆಕೆಯೂ ವೈಂಡಿಂಗ್‌ನವಳೇ. ಇಬ್ಬರ ತುಟಿಯೂ ಆಡುತ್ತಿತ್ತು. ಒಂದು ಚೂರು ಸದ್ದಿಲ್ಲ. ಕೆಂಚವ್ವ ಬುಡನ್ ಸಾಬನನ್ನು ಕಂಡದ್ದೇ ಬಾಯಿ ಮುಚ್ಚಿ, ಸೀರೆ ಕೊಡವಿ, ಒಳಗೆ ಹೋದಳು.

ಇಂಥದನ್ನು ಅವನು ಎಷ್ಟೋ ವರ್ಷದಿಂದ ನೋಡುತ್ತಿದ್ದ. ಹೆಂಗಸರು ಮನಸ್ಸಿನಲ್ಲೇ ಹಾಡು ಹೇಳಿಕೊಳ್ಳುತ್ತಾರೆ ಅಂದುಕೊಂಡಿದ್ದ.

‘ಖತೀಜಾ,’ ಅಂದ, ಕನ್ನಡದಲ್ಲಿ. ಆಕೆಗೆ ಅಲ್ಲೇ ಗೊತ್ತಾಯಿತು. ‘ಕೆಂಚವ್ವ ಏನಂದ್ಲು ಈಗ?’

‘ನಿಮ್ಮ ಬಿಲ್ಲೆ ಹೋಗ್ತೈತಂತೆ, ಖರೆ ಏನು ಅಂತ ಕೇಳಿದ್ಲು.’

‘ಆಕೆಗ್ಯಾರು ಹೇಳಿದ್ರು? ನಾನೇ ನಿನಗಿನ್ನೂ ಹೇಳಿಲ್ಲ.’

‘ಸಾಹೇಬ್ರೇ ಹೇಳಿದ್ರಲ್ಲ. ಬೆಳಿಗ್ಗೆ. ನಿಮ್ಮ ಮುಂದೆ ನಿಂತು.’

ಅಲ್ಲಿಂದ ಒಂದೊಂದೇ ಹೊರಗೆ ಬಂತು. ಮಗ್ಗದ ಗದ್ದಲದಲ್ಲಿ ಹತ್ತು ವರ್ಷ ದುಡಿದವರಿಗೆ ಕಿವಿ ಬೇಕಿಲ್ಲ, ಎದುರಿನವರ ತುಟಿ ಕಂಡರೆ ಸಾಕು. ನಾಲ್ಕು ಸಾಲು ಆಚೆ ನಿಂತವರ ಹತ್ತಿರ ಮನೆಯ ಕಷ್ಟ ಸುಖ ಎಲ್ಲ ಮಾತಾಡುತ್ತಾರೆ. ಹಳೇ ಮ್ಯಾನೇಜರ್ ಕೂಡುತ್ತಿದ್ದದ್ದು ಕಲ್ಲುಗೋಡೆಯ ಹಿಂದೆ, ಆಡುತ್ತಿದ್ದದ್ದು ಗುಜರಾತಿ. ಅವನಿಂದ ಏನೂ ಸಿಗುತ್ತಿರಲಿಲ್ಲ. ಈ ಪುಣ್ಯಾತ್ಮ ತಾನೇ ಮುತುವರ್ಜಿಯಿಂದ ಗಾಜು ಹಾಕಿಸಿ, ಎತ್ತರದಲ್ಲಿ ದೀಪದ ಕೆಳಗೆ ನಿಂತು, ಒಂದೊಂದು ಅಕ್ಷರವನ್ನೂ ಬಿಡಿಸಿ ಬಿಡಿಸಿ ಆಡುತ್ತಾನೆ.

‘ಇಡೀ ಖಾತೆಗೆ ಗೊತ್ತೇನು?’

‘ಹೂಂ.’

‘ಮತ್ತೆ ನಾನು ಬಂದು ಕಿವಿಯಾಗೆ ಕೂಗಿದ್ರೆ “ಹೌದಾ, ಹೌದಾ” ಅಂತಿದ್ರಲ್ಲ?’

‘ನೀವು ಅಷ್ಟು ಖುಷಿಯಿಂದ ಬಂದು ಹೇಳ್ತಿದ್ರಿ. ಗೊತ್ತೈತೆ ಅನ್ನಾಕೆ ಯಾರಿಗೂ ಬಾಯಿ ಬರ್ಲಿಲ್ಲ.’

ಬುಡನ್ ಸಾಬ ಗೋಡೆಗೆ ಒರಗಿ ಕೂತ. ನೌಕರಿ ಹೋಗುತ್ತದೆ ಅಂದಾಗ ಆಗದ ಸಂಕಟ ಈಗಾಯಿತು. ಆರು ತಿಂಗಳು ಮುನ್ನೂರು ಜನ ಸೇರಿ ಅವನನ್ನು ಮಗುವಿನ ಹಾಗೆ ಆಡಿಸಿದ್ದರು.

‘ನನಗ್ಯಾಕೆ ಹೇಳ್ಲಿಲ್ಲ? ನಾನು ನಿನ್ನ ಗಂಡ.’

‘ಮನ್ಯಾಗೆ ಗಂಡ. ಮಿಲ್ಲಿನಾಗೆ ಆಫೀಸಿನೋರು. ಆಫೀಸಿನೋರಿಗೆ ಹೇಳಬಾರ್ದು ಅಂತ ಯೂನಿಯನ್‌ನಾಗೆ ಠರಾವು ಆಗೈತೆ.’

‘ನೀನೂ ಕೈ ಎತ್ತಿದ್ಯಾ?’

‘ಎತ್ತಿದೆ,’ ಅಂದಳು ಖತೀಜಾಬೀ.

ಶುಕ್ರವಾರ ನಮಾಜು ಮುಗಿಸಿ ಬರುವಾಗ ಕೊಟ್ಟೂರಪ್ಪ ಮಂಡಕ್ಕಿ ಅಂಗಡಿಯ ಬೆಂಚಿನ ಮೇಲೆ ಕಾದಿದ್ದ. ಮೆಣಸಿನಕಾಯಿ ಬಜ್ಜಿಯ ತಟ್ಟೆಯನ್ನು ಅವನ ಕಡೆ ಸರಿಸಿದ.

‘ಬುಡನಣ್ಣ, ಹೇಳಿಬಿಟ್ರೆ ಗಾಜಿಗೆ ಪರದೆ ಬೀಳ್ತೈತೆ. ನಾಲ್ಕು ಮಗ್ಗ ಯಾವತ್ತಿಂದ ಅಂತ ನಮಗಿನ್ನೂ ತಾರೀಖು ಸಿಕ್ಕಿಲ್ಲ. ಅದೊಂದು ಗೊತ್ತಾಗಾತನ ತಡಕೋ.’

‘ನಾನು ತಡಕೊಂಡ್ರೂ ಸಾಹೇಬ ತಡಕೊಳ್ಳಂಗಿಲ್ಲ. ನಾಳೆ ಶನಿವಾರ.’

‘ನಿನ್ನ ಸಲುವಾಗಿ ಯೂನಿಯನ್ ಹೋರಾಡ್ತೈತೆ.’

‘ಯೂನಿಯನ್ನು ಕಕ್ಕಸಿನ ಬಾಗಿಲಿಗೆ ಎರಡು ವರ್ಷದಿಂದ ಹೋರಾಡ್ತೈತೆ,’ ಅಂದ ಬುಡನ್ ಸಾಬ. ‘ಇನ್ನೂ ತಂಬಿಗೆ ಅಡ್ಡ ಇಟ್ಕೊಂಡು ಕೂಡ್ತೀರಿ.’

ಹೋರಾಟದಲ್ಲಿ ಇದ್ದವರು ಇಂಥ ಮಾತು ಬಂದಾಗ ಮಾಡುವುದನ್ನೇ ಕೊಟ್ಟೂರಪ್ಪನೂ ಮಾಡಿದ: ಇನ್ನೊಂದು ತಟ್ಟೆ ಬಜ್ಜಿ ಹೇಳಿದ. ‘ನೀನೂ ಕೂಲಿಯವನೇ ಅಲ್ಲೇನಣ್ಣ, ಯೋಚನೆ ಮಾಡು,’ ಅಂದ.

‘ಠರಾವು ಮಾಡೋವಾಗ ಆಫೀಸಿನೋನು, ಬಿಲ್ಲೆ ಬಿಚ್ಚೋವಾಗ ಕೂಲಿಯೋನು. ಚಲೋ ಐತೆ,’ ಅಂದ ಬುಡನ್ ಸಾಬ, ಬಜ್ಜಿ ತಿಂದು ಮುಗಿಸಿ.

ಶನಿವಾರ ಹನ್ನೊಂದಕ್ಕೆ ವಾಮದೇವಪ್ಪ ಅವನನ್ನು ಗಾಜಿನ ರೂಮಿಗೆ ಕರೆಸಿದ. ಮೆಟ್ಟಿಲು ಹತ್ತುವವರೆಗೂ ಅವನು ಏನೂ ತೀರ್ಮಾನ ಮಾಡಿರಲಿಲ್ಲ. ಹತ್ತಿದ ಮೇಲೆ ಸಿಟ್ಟೇ ತೀರ್ಮಾನ ಮಾಡಿತು. ಆರು ತಿಂಗಳ ‘ಹೌದಾ, ಹೌದಾ’ದ ಸಿಟ್ಟು.

‘ಹೇಳು. ಯಾರು ಹೇಳಿದ್ದು ಇವ್ರಿಗೆಲ್ಲ?’

‘ತಾವೇ ಹೇಳಿದ್ರಿ, ಸಾಹೇಬ್ರ.’

‘ಏನಂದಿ?’

‘ತಾವು ಇಲ್ಲಿ ಮಾತಾಡ್ತೀರಿ. ಅವರು ಅಲ್ಲಿಂದ ತಮ್ಮ ತುಟಿ ನೋಡಿ ತಿಳ್ಕೊಳ್ತಾರೆ. ಲೌಡ್‌ಸ್ಪೀಕರ್ ಸತ್ತು ಹನ್ನೊಂದು ದಿನ ಆತ್ರಿ. ತಲೆ ಆಡಿಸಿದ್ದು ಅದಕ್ಕಲ್ಲ.’

ವಾಮದೇವಪ್ಪ ನಗಾಡಿಬಿಟ್ಟ. ನಿಜ ಹೇಳಬೇಕೆಂದರೆ ಅದು ಒಳ್ಳೆಯ ನಗು, ಸುಳ್ಳು ನಗುವಲ್ಲ. ‘ಹೆಬ್ಬೆಟ್ಟು ಒತ್ತೋ ಜನ, ಬುಡನ್ ಸಾಬ್. ಪುಸ್ತಕ ಓದಾಕೆ ಬರಂಗಿಲ್ಲ, ನನ್ನ ತುಟಿ ಓದ್ತಾರಾ? ಐವತ್ತು ಅಡಿ ದೂರದಿಂದ? ನೋಡು ಹಂಗಾದ್ರೆ.’

ಗಾಜಿನ ಹತ್ತಿರ ಹೋಗಿ ನಿಂತ. ಕೆಳಗೆ ಇನ್ನೂರು ಮಗ್ಗ ಬಡಿಯುತ್ತಿದ್ದವು. ಪದಕ ಹೊಡೆದ ದಿನವೂ ಅಷ್ಟು ಸ್ಪಷ್ಟವಾಗಿ ಆಡಿರಲಾರ, ಹಾಗೆ ಬಾಯಿ ತೆರೆದು ಹೇಳಿದ: ‘ಸೋಮವಾರ ಮಿಲ್ಲಿಗೆ ರಜೆ. ಎಲ್ಲರಿಗೂ ಪೂರ್ತಿ ಪಗಾರ.’

ಕಾದ. ಯಾರೂ ತಲೆ ಎತ್ತಲಿಲ್ಲ. ಕೊಟ್ಟೂರಪ್ಪ ಎಳೆ ಕಟ್ಟುತ್ತಿದ್ದ. ಗಾಜಿನ ಕೆಳಗೆ ವೈಂಡಿಂಗ್ ಹೆಂಗಸರು ತಂತಮ್ಮ ಉಂಡೆ ನೋಡುತ್ತಿದ್ದರು. ಮತ್ತೊಮ್ಮೆ ಹೇಳಿದ, ಇನ್ನೂ ನಿಧಾನಕ್ಕೆ. ಒಬ್ಬ ಮುದುಕ ಮೂಗು ಒರೆಸಿಕೊಂಡ, ಅಷ್ಟೇ.

ಬುಡನ್ ಸಾಬನಿಗೆ ತಿಳಿದುಹೋಯಿತು. ತಾನು ಮೇಲೆ ಬಂದು ಬಾಯಿ ತೆರೆದಾಗಿನಿಂದ ಸಾಹೇಬ ಆಡಿದ್ದನ್ನೆಲ್ಲ ಆ ಜನ ಓದಿದ್ದಾರೆ. ಇದು ಪರೀಕ್ಷೆ ಅಂತ ಅವರಿಗೆ ಗೊತ್ತು. ಗೊತ್ತಿದ್ದೇ ತಲೆ ತಗ್ಗಿಸಿದ್ದಾರೆ. ಆ ತಗ್ಗಿದ ತಲೆಗಳಲ್ಲಿ ಒಂದು ಅವನ ಹೆಂಡತಿಯದು.

‘ಸುಳ್ಳಾದ್ರೂ ಚಲೋದು ಹುಡುಕ್ಬೇಕಿತ್ತು,’ ಅಂದ ವಾಮದೇವಪ್ಪ. ‘ಬಿಚ್ಚಿಡು.’

ಬುಡನ್ ಸಾಬ ಪಟ್ಟಿ ಬಿಚ್ಚಿ ಮೇಜಿನ ಮೇಲಿಟ್ಟ. ಹೊರಗೆ ಬರುವಾಗ ಯಾರ ಕಡೆಗೂ ನೋಡಲಿಲ್ಲ.

ಭಾನುವಾರ ಮನೆಯಲ್ಲಿ ಉರ್ದುವೂ ಇಲ್ಲ, ಕನ್ನಡವೂ ಇಲ್ಲ. ಅವನು ರೊಟ್ಟಿ ಮುಟ್ಟಲಿಲ್ಲ. ಖತೀಜಾಬೀ ಮಧ್ಯಾಹ್ನ ಕೆಂಚವ್ವನ ಮನೆಗೆ ಹೋದವಳು ನಾಲ್ಕು ಗಂಟೆಗೆ ಬಂದಳು. ನಡುವೆ ಕೊಟ್ಟೂರಪ್ಪನೂ ಅಲ್ಲಿಗೆ ಹೋಗಿ, ಮುಖ ಕೆಂಪಗೆ ಮಾಡಿಕೊಂಡು ವಾಪಸು ಹೋದದ್ದು ಕಿಟಕಿಯಿಂದ ಕಂಡಿತು. ಬಂದವಳು ರೊಟ್ಟಿಯ ತಟ್ಟೆಯನ್ನು ಮತ್ತೆ ಅವನ ಮುಂದಿಟ್ಟಳು. ‘ಉಣ್ರಿ. ನಾಳೆ ರಜೆ,’ ಅಂದಳು. ಅವನು ಅದು ಚುಚ್ಚುಮಾತು ಅಂದುಕೊಂಡು ಇನ್ನಷ್ಟು ಮುನಿಸಿಕೊಂಡ.

ಸೋಮವಾರ ಏಳು ಗಂಟೆಗೆ ಮಿಲ್ಲಿನ ಸೀಟಿ ಕೂಗಿತು. ಯಾರೂ ಬರಲಿಲ್ಲ. ಏಳೂವರೆಗೆ ಮತ್ತೆ ಕೂಗಿಸಿದರು. ಗೇಟಿನಲ್ಲಿ ಒಂದು ನಾಯಿ ಇತ್ತು, ಅದೂ ಎದ್ದು ಹೋಯಿತು. ಎಂಟು ಗಂಟೆಗೆ ವಾಮದೇವಪ್ಪ ಸೈಕಲ್ ಹತ್ತಿದ. ಬೀದಿಯಲ್ಲಿ ನೋಡಿದರೆ ಅವನ ನೇಕಾರರೆಲ್ಲ ತಲೆಗೆ ಎಣ್ಣೆ ಹಚ್ಚಿ, ಇಸ್ತ್ರಿ ಅಂಗಿ ಹಾಕಿ, ಬೆಣ್ಣೆ ದೋಸೆ ತಿನ್ನುತ್ತ ಕೂತಿದ್ದರು. ಎದ್ದು ನಮಸ್ಕಾರ ಮಾಡಿದರು.

ಕೊಟ್ಟೂರಪ್ಪ ಬುಡನ್ ಸಾಬನ ಮನೆಯ ಕಟ್ಟೆಯ ಮೇಲೆ ಸಿಕ್ಕ. ಪಕ್ಕದಲ್ಲಿ ಖತೀಜಾಬೀ, ಕೆಂಚವ್ವ, ಇನ್ನೂ ಹತ್ತು ಹನ್ನೆರಡು ವೈಂಡಿಂಗ್ ಹೆಂಗಸರು.

‘ಮುಷ್ಕರ ಏನು ಇದು?’ ಅಂದ ವಾಮದೇವಪ್ಪ, ಏದುಸಿರು ಬಿಡುತ್ತ.

‘ಛೆ, ಇಲ್ರಿ ಸಾಹೇಬ್ರ,’ ಅಂದ ಕೊಟ್ಟೂರಪ್ಪ. ‘ರಜೆ. ತಾವೇ ಕೊಟ್ರಲ್ಲ.’

‘ನಾನ್ಯಾವಾಗ ಕೊಟ್ಟೆ?’

‘ಶನಿವಾರ ಹನ್ನೊಂದೂ ಕಾಲಿಗೆ. ಗಾಜಿನ ಹತ್ರ ನಿಂತು. ಎರಡು ಸಲ.’

‘ಎರಡನೇ ಸಲ ಭಾಳ ಚೆಂದ ಹೇಳಿದ್ರಿ,’ ಅಂದಳು ಕೆಂಚವ್ವ. ‘ಪೂರ್ತಿ ಪಗಾರ ಅಂದಿದ್ದೂ ಕಾಣ್ತು.’

ವಾಮದೇವಪ್ಪನ ಬಾಯಿ ತೆರೆಯಿತು, ಹತ್ತು ಹನ್ನೆರಡು ಜೊತೆ ಕಣ್ಣು ಅದರ ಮೇಲೇ ನಿಂತಿರುವುದು ಅರಿವಾಗಿ ಮುಚ್ಚಿತು. ಅವನು ಕೈಯಿಂದ ಬಾಯಿ ಮರೆ ಮಾಡಿಕೊಂಡ. ಬುಡನ್ ಸಾಬ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದ. ಗುಟ್ಟು ಹೋಯಿತಲ್ಲ, ಇಡೀ ಯೂನಿಯನ್ನಿನ ಗುಟ್ಟು ಹೋಯಿತಲ್ಲ ಅಂತ ಅವನಿಗೆ ಆಗ ಹೊಳೆಯಿತು. ಕೊಟ್ಟೂರಪ್ಪನ ಮುಖ ನಿನ್ನೆಯ ಹಾಗೇ ಕೆಂಪಗಿತ್ತು. ಹೆಂಗಸರ ಮುಖ ಮಾತ್ರ ತಣ್ಣಗಿತ್ತು. ಭಾನುವಾರ ಕೆಂಚವ್ವನ ಮನೆಯಲ್ಲಿ ಯಾರು ಹೇಳಿದ್ದು ನಡೆಯಿತು ಅಂತ ಕೇಳುವ ಅಗತ್ಯವಿರಲಿಲ್ಲ.

‘ಇವ್ರು ಹೇಳಿದ್ದು ಖರೆ ಅಂತ ಈಗ ಗೊತ್ತಾತಲ್ರಿ,’ ಅಂದಳು ಖತೀಜಾಬೀ. ‘ಖರೆ ಹೇಳಿದೋರ ಬಿಲ್ಲೆ ತಮ್ಮ ಮೇಜಿನ ಮ್ಯಾಲೆ ಐತೆ.’

ಮಂಗಳವಾರ ಬಿಲ್ಲೆ ವಾಪಸು ಬಂತು. ರಜೆಯ ಪಗಾರವೂ ಬಂತು. ಪರೀಕ್ಷೆಗೆ ಹೇಳಿದ್ದು ಅಂತ ಮಾಲೀಕರ ಮುಂದೆ ಒಪ್ಪಿಕೊಳ್ಳುವುದಕ್ಕಿಂತ ಉದಾರಿ ಅನ್ನಿಸಿಕೊಳ್ಳುವುದು ಮೇಲು ಅಂತ ವಾಮದೇವಪ್ಪ ಲೆಕ್ಕ ಹಾಕಿದ್ದ.

ಗಾಜಿಗೆ ಪರದೆಯೂ ಬಿತ್ತು. ಎರಡೇ ದಿನ. ಪರದೆ ಹಾಕಿದರೆ ಜನ ಸಾಹೇಬನಿಗೆ ಕಾಣುವುದಿಲ್ಲ. ಕಾಣದಿದ್ದರೆ ಮಗ್ಗಗಳು ಹೇಗೆ ನಡೆಯಬೇಕೋ ಹಾಗೆ ನಡೆದವು, ಅಂದರೆ ಅರ್ಧ. ಮೂರನೇ ದಿನ ಪರದೆ ತೆಗೆಸಿದ. ಕುರ್ಚಿ ತಿರುಗಿಸಿ ಗೋಡೆಗೆ ಮುಖ ಹಾಕಿ ಮಾತಾಡಿ ನೋಡಿದ; ಹೆಡ್ ಕ್ಲಾರ್ಕು ತನ್ನ ಮೇಲೆ ಸಿಟ್ಟು ಅಂತ ತಿಳಿದು ರಜೆ ಚೀಟಿ ಬರೆದ. ಕೊನೆಗೆ ಬುಡನ್ ಸಾಬನನ್ನು ಕರೆದ.

‘ಇನ್ಮ್ಯಾಲೆ ಗುಟ್ಟಿನ ಮಾತು ಬಂದಾಗ ನೀನು ನನಗೂ ಗಾಜಿಗೂ ನಡುವೆ ಬಂದು ನಿಂದ್ರು. ನಿನ್ನ ಮೈ ಅಗಲ ಐತೆ.’

‘ಯಾವ ಕಡೆ ಮುಖ ಮಾಡಿ ನಿಂದ್ರಲಿ ಸಾಹೇಬ್ರ?’

‘ಅವ್ರ ಕಡೆ. ಯಾರ್ಯಾರು ಇತ್ತ ನೋಡ್ತಾರೆ ಅಂತ ಗುರುತು ಹಾಕ್ಕೋ.’

ಹೀಗೆ ಅವನಿಗೆ ಪರದೆಯ ನೌಕರಿ ಖಾಯಂ ಆಯಿತು. ಮರುವಾರ ಮಾವನಿಗೆ ಟ್ರಂಕ್ ಕಾಲ್ ಹೋಯಿತು. ಬುಡನ್ ಸಾಬ ಬಿಲ್ಲೆ ಮಿಂಚಿಸಿಕೊಂಡು ಗಾಜಿಗೆ ಎದುರಾಗಿ ನಿಂತ. ಬೆನ್ನ ಹಿಂದೆ ಸಾಹೇಬ ಆಡುವ ಒಂದೊಂದು ಅಕ್ಷರವೂ ಕಿವಿಗೆ ಬೀಳುತ್ತಿತ್ತು: ನಾಲ್ಕು ಮಗ್ಗ, ಮುಂದಿನ ತಿಂಗಳ ಒಂದನೇ ತಾರೀಖು, ಮೊದಲು ಇಪ್ಪತ್ತು ಜನ ಮನೆಗೆ. ಎದುರಿಗೆ ಇನ್ನೂರು ಮಗ್ಗದ ಜನ, ಅವರಿಗಿಂತ ಈಚೆ ವೈಂಡಿಂಗ್ ಹೆಂಗಸರು, ಎಲ್ಲರೂ ಅವನನ್ನೇ ನೋಡುತ್ತಿದ್ದರು. ಹನ್ನೆರಡು ವರ್ಷದಲ್ಲಿ ಒಂದೇ ಸಲಕ್ಕೆ ಅಷ್ಟು ಜನ ಅವನ ಮುಖ ನೋಡಿರಲಿಲ್ಲ.

ಸಾಹೇಬನಿಗೆ ಕಾಣುತ್ತಿದ್ದದ್ದು ಅವನ ಬೆನ್ನು ಮಾತ್ರ.

ಬುಡನ್ ಸಾಬ ಮೊದಲು ಎಪ್ಪತ್ತೆರಡನೇ ನಂಬರಿನ ಮಗ್ಗದ ಕಡೆ ತಿರುಗಿ, ಸದ್ದಿಲ್ಲದೆ, ಬರೀ ತುಟಿಯಲ್ಲಿ, ಆರು ತಿಂಗಳ ‘ಹೌದಾ’ಗಳಿಗೆಲ್ಲ ಸೇರಿಸಿ ಕೊಟ್ಟೂರಪ್ಪನನ್ನು ಬೈದ. ಹಾಯೆನಿಸಿತು. ಆಮೇಲೆ ತಾರೀಖು ಹೇಳಿದ. ಇಪ್ಪತ್ತು ಜನದ ಮಾತು ಹೇಳಿದ. ಒಂದೂವರೆ ತಾಸಿನ ಕೆಲಸ ಅರ್ಧ ನಿಮಿಷದಲ್ಲಿ ಮುಗಿಯಿತು. ಎಣ್ಣೆ-ಬೆಣ್ಣೆ ಏನೂ ಹಚ್ಚಲಿಲ್ಲ.

ಕೆಳಗೆ ಖತೀಜಾಬೀ ತುಟಿ ಆಡಿಸಿ ಏನೋ ಹೇಳಿದಳು. ಅವನಿಗೆ ತಿಳಿಯಲಿಲ್ಲ. ಊಟದ ಗಂಟೆ ಹೊಡೆದ ಕೂಡಲೇ ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚುತ್ತಿದ್ದವಳ ಹತ್ತಿರ ಓಡಿದ.

‘ಏನಂದಿ ಆಗ?’

‘ಬೈದಿದ್ದು ಎಲ್ರಿಗೂ ತಿಳೀತು,’ ಅಂದಳು ಖತೀಜಾಬೀ. ‘ತಾರೀಖು ಯಾರಿಗೂ ತಿಳೀಲಿಲ್ಲ. ಬಾಯಾಗಿನ ಎಲೆ ಅಡಿಕೆ ಉಗುಳಿ ಬಂದು ಇನ್ನೊಂದ್ಸಲ ಹೇಳ್ರಿ.’